ಪಾಠದ ಮಮ್ಮಿ

ನನಗೆ ಇಂಗ್ಲಿಷ್ ಕಲಿಸಿದವರು ಇಬ್ಬರು, ನನ್ನ ಗಂಡ ಮತ್ತು ನನ್ನ ನಾದಿನಿ. ಚೆನ್ನಾಗಿಯೇ ಕಲಿಸಿದರು. ಆ ಮಟ್ಟಿಗೆ ಅವರನ್ನು ದೂರುವ ಹಾಗಿಲ್ಲ. ಉಳಿದದ್ದಕ್ಕೆ ದೂರಬಹುದು, ಈಗ ಅದನ್ನೇ ಮಾಡಲು ಕೂತಿದ್ದೇನೆ.

ಅದು ಎಂಬತ್ತೈದನೆಯ ಇಸವಿ. ನಾವು ಮಲಾಡ್ ಪೂರ್ವದಲ್ಲಿ ಒಂದು ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿದ್ದೆವು, ಒಂದು ರೂಮು ಮತ್ತು ಒಂದು ಅಡುಗೆಮನೆ. ಗಂಡ ಜಯಸಿಂಹ ನಂಜನಗೂಡಿನವರು, ಅಂಧೇರಿಯ ಒಂದು ಔಷಧದ ಕಂಪನಿಯಲ್ಲಿ ಹೆಡ್ ಕ್ಲಾರ್ಕ್. ನಾನು ಹುಣಸೂರಿನವಳು, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೂವತ್ತಾರು ಅಂಕ ಪಡೆದು ಗಡಿ ದಾಟಿದವಳು. ಮುಂಬಯಿಗೆ ಬಂದು ಏಳು ವರ್ಷವಾಗಿತ್ತು. ತರಕಾರಿಯವನ ಹತ್ತಿರ ಹಿಂದಿ, ಕೆಳಗಿನ ಮನೆಯವರ ಹತ್ತಿರ ಮರಾಠಿ, ಒಳಗೆ ಕನ್ನಡ, ಹೀಗೆ ನನ್ನ ಸಂಸಾರ ಆರಾಮವಾಗಿ ನಡೆಯುತ್ತಿತ್ತು. ಮಗಳು ಭಾರ್ಗವಿಗೆ ಐದು ತುಂಬಿತ್ತು. ಆ ಜೂನ್ ತಿಂಗಳಲ್ಲಿ ಗಂಡನ ತಂಗಿ ಶಾಮಲಾ ಮೈಸೂರಿನಲ್ಲಿ ಬಿ.ಎ. ಮುಗಿಸಿ, ಟೈಪಿಂಗ್ ಕಲಿತು ಕೆಲಸ ಹುಡುಕುತ್ತೇನೆಂದು ನಮ್ಮ ಮನೆಗೆ ಬಂದಳು.

ಭಾರ್ಗವಿಯನ್ನು ಸ್ಟೇಷನ್ ಆಚೆಗಿನ ಕಾನ್ವೆಂಟಿಗೆ ಸೇರಿಸಬೇಕು ಎನ್ನುವುದು ನನ್ನ ಗಂಡನ ಹಟ. ಮಗಳ ಮಟ್ಟಿಗೆ ನನ್ನದೂ ಅದೇ ಹಟ. ಒಂದನೆಯ ಕ್ಲಾಸಿಗೆ ಹನ್ನೆರಡೇ ಸೀಟು ಖಾಲಿ ಇದ್ದವು. ಇವರ ಆಫೀಸಿನಲ್ಲಿ ಧಾರವಾಡದ ಕಡೆಯ ನೀಲಕಂಠಪ್ಪ ಎನ್ನುವವರು ಇದ್ದರು. ಅವರ ಮಗನಿಗೆ ಹಿಂದಿನ ವರ್ಷ ಅಲ್ಲಿ ಸೀಟು ತಪ್ಪಿತ್ತು. ಒಂದು ಭಾನುವಾರ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಾ ಹೇಳಿದರು.

"ಕೂಸಿಗೆ ಏನೂ ಕೇಳಂಗಿಲ್ರೀ ಅಲ್ಲಿ. ಟೇಬಲ್ ಮುಂದ ಎರಡು ಕುರ್ಚಿ ಹಾಕಿರ್ತಾರ. ಒಂದರಾಗ ಅಪ್ಪ, ಇನ್ನೊಂದರಾಗ ಅವ್ವ. ಸಿಸ್ಟರ್ ಎಲ್ಲಾ ಅವ್ವಗಽ ಕೇಳ್ತಾರ, ಇಂಗ್ಲಿಷಿನ್ಯಾಗ. ಅವ್ವ ತಡವರಿಸಿದ್ಲು ಅಂದ್ರ ಸೀಟ್ ಹೋತು ಅಂತ ತಿಳಕೋರಿ."

ಅವರು ಹೋದ ಮೇಲೆ ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದರು. ನಾನೇ ಬಾಯಿಬಿಟ್ಟು ಹೇಳಿದೆ, "ಕಲೀತೀನಿ ರೀ. ಜನವರಿಗೆ ಇನ್ನೂ ನಾಲ್ಕು ತಿಂಗಳಿದೆ. ಆ ಎರಡನೇ ಕುರ್ಚೀಲಿ ನಾನು ಕೂತ್ಕೋತೀನಿ."

ನನಗೆ ಬೇಕಾಗಿದ್ದುದು ಅಷ್ಟೇ, ಆ ಕುರ್ಚಿ. ನನ್ನ ಮಗಳ ಪರವಾಗಿ ಒಮ್ಮೆ ಅದರಲ್ಲಿ ಕೂತು, ಕೇಳಿದ್ದಕ್ಕೆ ಉತ್ತರ ಹೇಳಿ, ಎದ್ದು ಬರಬೇಕು.

ಮರುದಿನವೇ ಮನೆಯಲ್ಲಿ ಕಾನೂನು ಬಂತು. ಕಂಪನಿಯ ರಜೆಗಳ ಪಟ್ಟಿಯನ್ನು ಗಂಡ ಬೀರುವಿನ ಬಾಗಿಲಿಗೆ ಅಂಟಿಸಿದರು. ಭಾನುವಾರ, ಎರಡನೆಯ ಶನಿವಾರ, ಗಾಂಧಿ ಜಯಂತಿ, ದಸರಾ, ದೀಪಾವಳಿ, ಕ್ರಿಸ್‌ಮಸ್, ಯಾವುದೇ ರಜೆ ಇರಲಿ, ಬೆಳಗಿನ ಕಾಫಿಯಿಂದ ಸಂಜೆ ದೀಪ ಹಚ್ಚುವ ತನಕ ಮನೆಯಲ್ಲಿ ಕನ್ನಡ ಇಲ್ಲ. ಕನ್ನಡ ಆಡಿದವರಿಗೆ ಆವತ್ತು ಊಟಕ್ಕೆ ಹಪ್ಪಳ ಇಲ್ಲ. ಮೊದಲ ಎರಡು ವಾರ ಹಪ್ಪಳ ಕರಿದವಳು ನಾನು, ತಿಂದವರು ಅವರು. ಶಾಮಲಾ ಇನ್ನೂರು ಪುಟದ ಒಂದು ನೋಟುಬುಕ್ಕಿಗೆ ಗೆರೆ ಎಳೆದಳು. ಎಡಪುಟದಲ್ಲಿ ಗ್ರಾಮರ್, ಬಲಪುಟದಲ್ಲಿ ಮನೆಮಾತು. ಎಡಪುಟ ನನ್ನ ಪಾಲಿಗೆ, ವಾರದ ಉಳಿದ ದಿನ ಬರೆದು ಮುಗಿಸಬೇಕು. ಬಲಪುಟ ಎಲ್ಲರಿಗೂ, ರಜೆಯ ದಿನ ಊಟಕ್ಕೆ ಕೂತಾಗ ಆಡಿ ತೋರಿಸಬೇಕು.

ಆಡುವುದಕ್ಕೆ ಪಾತ್ರ ಹಂಚಿದವಳೂ ಅವಳೇ. ಗಂಡ ಅಪ್ಪ, ಭಾರ್ಗವಿ ಮಗಳು. ಶಾಮಲಾ ಅಮ್ಮ. ನಾನು ಸಿಸ್ಟರ್.

"ನಾನ್ಯಾಕೆ ಸಿಸ್ಟರು? ಅಮ್ಮ ನಾನಲ್ವೇನೇ?" ಎಂದೆ, ಕನ್ನಡದಲ್ಲೇ. ಆವತ್ತಿನ ಹಪ್ಪಳವೂ ಹೋಯಿತು.

"ಮೊದಲು ನಾನು ಮಾಡಿ ತೋರಿಸ್ತೀನಿ ಅತ್ತಿಗೆ. ನೀವು ಪ್ರಶ್ನೆ ಕೇಳಿ. ಪ್ರಶ್ನೆ ಗಟ್ಟಿಯಾದರೆ ಉತ್ತರ ತಾನಾಗೇ ಬರುತ್ತೆ," ಎಂದಳು ಶಾಮಲಾ. ಬಿ.ಎ. ಓದಿದವಳ ಮಾತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ನಾನು ಒಪ್ಪಿಕೊಂಡೆ.

ಹಾಗೆ ನಾನು ಹುಳಿಯ ಸೌಟು ಹಿಡಿದುಕೊಂಡು ಪ್ರಶ್ನೆ ಕೇಳತೊಡಗಿದೆ. ನಿಮ್ಮ ಹೆಸರೇನು? ನಿಮ್ಮ ಯಜಮಾನರು ಏನು ಮಾಡುತ್ತಾರೆ? ಸಂಜೆ ಹೊತ್ತು ಮಗುವಿನ ಜೊತೆ ಏನು ಮಾಡುತ್ತೀರಿ? ಎಲ್ಲ ಇಂಗ್ಲಿಷಿನಲ್ಲಿ. ಶಾಮಲಾ ಎಲೆಯ ಮುಂದೆ ನೆಟ್ಟಗೆ ಕೂತು ಉತ್ತರಿಸುತ್ತಿದ್ದಳು. ನನ್ನ ಹೆಸರು ಸುಮಿತ್ರಾ. ಬೆಳಿಗ್ಗೆ ಅವಳಿಗೆ ರಾಗಿ ಗಂಜಿ ಕೊಡುತ್ತೇನೆ. ಸಂಜೆ ಕಥೆ ಹೇಳುತ್ತೇನೆ. ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿರುತ್ತೇನೆ. ಅವಳಿಗೆ ಈ ಉತ್ತರಗಳೆಲ್ಲ ಎಲ್ಲಿಂದ ಬಂದವು ಎಂದರೆ, ನನ್ನಿಂದಲೇ. ವಾರದ ದಿನ ಮಧ್ಯಾಹ್ನ ಬೇಳೆ ಆರಿಸುತ್ತಾ ಕೇಳುತ್ತಿದ್ದಳು, "ಅತ್ತಿಗೆ, ಭಾರ್ಗವಿಗೆ ಯಾವ ಕಥೆ ಇಷ್ಟ? ಮೊದಲ ಹಲ್ಲು ಯಾವಾಗ ಬಂತು?" ನನಗೋಸ್ಕರ ಉತ್ತರ ತಯಾರು ಮಾಡುತ್ತಿದ್ದಾಳೆ ಎಂದು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಭಾರ್ಗವಿ ಊಟದ ಆಟದಲ್ಲಿ ಶಾಮಲಾಳನ್ನು ಮಮ್ಮಿ ಎನ್ನಬೇಕಿತ್ತು. ಮೊದಲ ದಿನ ಮಗು ಒಪ್ಪಲಿಲ್ಲ. "ಅದು ಶಾಮಲತ್ತೆ," ಎಂದು ಅತ್ತಿತು. ಆಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದವಳು ನಾನೇ. "ಅಮ್ಮ ಅಂದರೆ ನಾನು, ಮನೆಯ ಅಮ್ಮ. ಮಮ್ಮಿ ಅಂದರೆ ಪಾಠದ ಮಮ್ಮಿ. ಪಾಠ ಇದ್ದಾಗ ಮಾತ್ರ," ಎಂದೆ. ಮಗುವಿಗೆ ಚೆನ್ನಾಗಿ ಅರ್ಥವಾಯಿತು.

ನಾನು ಕಲಿತ ಬಗೆಯನ್ನೂ ಹೇಳಿಬಿಡುತ್ತೇನೆ, ಕೇಳುವವರು ಯಾರೂ ಇಲ್ಲವಲ್ಲ. ರುಬ್ಬುವಾಗ ಗೋ, ವೆಂಟ್, ಗಾನ್. ಬಟ್ಟೆ ಒಗೆಯುವಾಗ ಈಟ್, ಏಟ್, ಈಟನ್. ರಾತ್ರಿ ಟೀವಿಯಲ್ಲಿ ಇಂಗ್ಲಿಷ್ ವಾರ್ತೆ ಬಂದರೆ ಒಲೆ ಆರಿಸಿ ಬಂದು ಕೂರುತ್ತಿದ್ದೆ. ಲೋಕಲ್ ರೈಲಿನಲ್ಲಿ ಅಂಧೇರಿಗೆ ಹೋಗುವಾಗ ಡಬ್ಬಿಯ ಗೋಡೆಗೆ ಅಂಟಿಸಿದ ಜಾಹೀರಾತುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಮೂಲವ್ಯಾಧಿಯ ಇಂಗ್ಲಿಷ್ ಹೆಸರು ನನಗೆ ಮೊದಲು ಗೊತ್ತಾದದ್ದು ಹಾಗೆ. ಪಕ್ಕದ ಮನೆಯ ಶೀಲಾವತಿ ಉಡುಪಿಯ ಕಡೆಯವರು, ಅವರ ಯಜಮಾನರು ಕಾಂದಿವಲಿಯ ಕಾರ್ಖಾನೆಗಳ ನಡುವೆ ಕ್ಯಾಂಟೀನ್ ಇಟ್ಟಿದ್ದರು. ಆಕೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಎಂತ ಮಾರಾಯ್ರೆ, ದೋಸೆಹಿಟ್ಟಿಗೆ ಇಂಗ್ಲಿಷ್ ಕಲಿಸುವುದಾ ನೀವು?"

"ಹಿಟ್ಟು ಕಲೀತಿದೆ, ನಾನೇ ಹಿಂದೆ," ಎನ್ನುತ್ತಿದ್ದೆ.

ದೀಪಾವಳಿಗೆ ನಾಲ್ಕು ದಿನ ರಜೆ. ಎಣ್ಣೆನೀರಿನ ದಿನವೂ ಇಂಗ್ಲಿಷೇ. ನಾನು ಪ್ರಶ್ನೆಗಳಲ್ಲಿ ಪಳಗಿಬಿಟ್ಟಿದ್ದೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳನ್ನೂ ಕೇಳಿ ಶಾಮಲಾಳನ್ನು ತಡವರಿಸುವಂತೆ ಮಾಡುತ್ತಿದ್ದೆ. "ನಾನು ಅಮ್ಮ ಆಗೋದು ಯಾವಾಗ?" ಎಂದು ಗಂಡನನ್ನು ಕೇಳಿದರೆ, "ಮೊದಲು ಪ್ರಶ್ನೆ ಗಟ್ಟಿಯಾಗಲಿ ಕಣೆ," ಎನ್ನುತ್ತಿದ್ದರು. ನನ್ನ ಪ್ರಶ್ನೆ ಕಲ್ಲಿನಷ್ಟು ಗಟ್ಟಿಯಾದರೂ ಆ ಮಾತು ಬದಲಾಗಲಿಲ್ಲ.

ಕೊನೆಗೆ ಕ್ರಿಸ್‌ಮಸ್ ದಿನ ನಾನು ಹಟ ಹಿಡಿದು ಜಾಗ ಬದಲಿಸಿದೆ. ಶಾಮಲಾ ಸಿಸ್ಟರ್ ಆದಳು, ನಾನು ಅಮ್ಮ ಆದೆ. ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಒಂದು ಕಾಲು ಗಂಟೆ. ಕಥೆ ಹೇಳುತ್ತೇನೆ ಎಂದೆ, ಯಾವ ಕಥೆ ಎಂದಾಗ ಒಂದು ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಎಲ್ಲೂ ನಿಲ್ಲಲಿಲ್ಲ. ಗಂಡ ತಂಗಿಯ ಮುಖ ನೋಡಿದರು, ಆಮೇಲೆ "ಪರವಾಗಿಲ್ಲ," ಎಂದರು. ಶಾಮಲಾಳ ಕಣ್ಣಲ್ಲಿ ನೀರಿತ್ತು. ಶಿಷ್ಯೆ ಗೆದ್ದದ್ದಕ್ಕೆ ಗುರುವಿಗೆ ಸಂತೋಷ ಎಂದುಕೊಂಡೆ ನಾನು. ನನ್ನಂಥ ದಡ್ಡಿಯನ್ನು ಹುಣಸೂರಿನಲ್ಲಿ ದೀಪ ಹಚ್ಚಿ ಹುಡುಕಬೇಕು.

ಕಾನ್ವೆಂಟಿನಿಂದ ಕಾಗದ ಬಂತು. ಇಂಟರ್‌ವ್ಯೂ ಜನವರಿ ಇಪ್ಪತ್ತು, ಸೋಮವಾರ ಎಂದು ಗಂಡ ಹೇಳಿದರು. ಕಾಗದವನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದೇನೆ ಎಂದರು. ನಾನು ಯಾಕೆ ಅನುಮಾನಪಡಲಿ? ನನ್ನ ಮಾವಿನಹಣ್ಣಿನ ಬಣ್ಣದ ಮೈಸೂರು ರೇಷ್ಮೆ ಸೀರೆಯನ್ನು ಇಸ್ತ್ರಿ ಮಾಡಿಸಿ ಬೀರುವಿನಲ್ಲಿ ಇಟ್ಟೆ. ಮದುವೆಯ ಉದ್ದನೆಯ ತಾಳಿಸರ ನನ್ನ ಕೊರಳಲ್ಲಿ ಯಾವಾಗಲೂ ಇರುತ್ತದೆ. ಅದಲ್ಲದೆ ಮುಂಬಯಿಯವರು ಹಾಕುವಂಥ ಗಿಡ್ಡನೆಯ ಕರಿಮಣಿ ಸರ ಒಂದನ್ನು ಗಂಡ ಗಣಪತಿ ಹಬ್ಬಕ್ಕೆ ಮಾಡಿಸಿಕೊಟ್ಟಿದ್ದರು. ಅದನ್ನು ಸೀಗೆಪುಡಿಯಲ್ಲಿ ತೊಳೆದು ಡಬ್ಬಿಯಲ್ಲಿಟ್ಟೆ.

ಹದಿಮೂರನೆಯ ತಾರೀಕು ಸೋಮವಾರ, ಮರುದಿನ ಸಂಕ್ರಾಂತಿ. ಬೆಳಿಗ್ಗೆ ನಾನು ಎಳ್ಳಿಗೆ ಕೊಬ್ಬರಿ, ಬೆಲ್ಲ ಹೆಚ್ಚುತ್ತಾ ಕೂತಿದ್ದೆ. ಗಂಡ ಅರ್ಧ ದಿನ ರಜೆ ಹಾಕಿದ್ದರು.

"ಭಾರ್ಗವಿಯ ಫೋಟೋ ತೆಗೆಸಬೇಕು, ಫಾರ್ಮಿಗೆ ಬೇಕಂತೆ. ಶಾಮಲಾ ಜೊತೆಗೆ ಬರ್ತಾಳೆ. ನಿನಗೆ ಎಳ್ಳಿನ ಕೆಲಸ ಇದೆಯಲ್ಲ," ಎಂದರು.

ನನ್ನ ಕೆಲಸದ ಬಗ್ಗೆ ಇಷ್ಟು ಯೋಚನೆ ಮಾಡಿದರಲ್ಲ ಎಂದು ಖುಷಿಯಾಯಿತು. ಶಾಮಲಾ ದೊಡ್ಡ ಬಟ್ಟೆಯ ಚೀಲ ಹಿಡಿದುಕೊಂಡು ನನ್ನ ಮುಖ ನೋಡದೆ ಹೊರಟಳು.

ಹನ್ನೊಂದೂವರೆಗೆ ಶೀಲಾವತಿ ಬಂದರು. ಕೈಯಲ್ಲಿ ತರಕಾರಿ ಚೀಲ ಹಾಗೇ ಇತ್ತು, ಮುಖದಲ್ಲಿ ಕೋಪವಿತ್ತು.

"ನಿಮ್ಮ ನಾದಿನಿಗೆ ಯಾವಾಗ ಮದುವೆ ಆದದ್ದು ಮಾರಾಯ್ರೆ? ನಮಗೆ ಒಂದು ಲಾಡು ಸಹ ಇಲ್ಲವಾ?"

"ಯಾವ ಮದುವೆ?"

"ಸ್ಟೇಷನ್ ಹತ್ತಿರ ಆ ಫೋಟೋದ ಅಂಗಡಿಯಿಂದ ಹೊರಗೆ ಬರುವುದು ಕಂಡೆ. ನಿಮ್ಮ ಯಜಮಾನರು, ಮಗು, ಅವಳು. ಕುತ್ತಿಗೆಯಲ್ಲಿ ಕರಿಮಣಿ ಉಂಟು. ಸೀರೆ ನಿಮ್ಮದೇ, ಆ ಹಳದಿ ರೇಷ್ಮೆ."

ನಾನು ಎದ್ದು ಬೀರು ತೆಗೆದೆ. ಸೀರೆ ಇರಲಿಲ್ಲ. ಡಬ್ಬಿ ಖಾಲಿ. ಮದುವೆಯಾಗದ ಹುಡುಗಿ ಕರಿಮಣಿ ಮುಟ್ಟುವುದನ್ನೇ ನಮ್ಮ ಕಡೆ ಒಪ್ಪುವುದಿಲ್ಲ. ಅದರಲ್ಲೂ ಅಣ್ಣ ಹೆಂಡತಿಗೆ ಮಾಡಿಸಿದ್ದನ್ನು ತಂಗಿ ಹಾಕಿಕೊಂಡು, ಅಣ್ಣನ ಪಕ್ಕದಲ್ಲಿ ನಡೆಯುವುದು. "ಏನೋ ಫೋಟೋಗೆ ಇರಬೇಕು," ಎಂದು ಶೀಲಾವತಿಗೆ ಹೇಳಿ ಕಳಿಸಿ, ಮತ್ತೆ ಬಂದು ಬೆಲ್ಲ ಹೆಚ್ಚಿದೆ. ತಲೆಗೆ ಗೊತ್ತಾಗಿತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

ಎರಡು ಗಂಟೆಗೆ ಮೂವರೂ ಬಂದರು. ಶಾಮಲಾ ಹೋಗುವಾಗ ಉಟ್ಟಿದ್ದ ನೈಲಾನ್ ಸೀರೆಯಲ್ಲೇ ಇದ್ದಳು, ಕೊರಳು ಬರಿದಾಗಿತ್ತು. ಭಾರ್ಗವಿಯ ಕೈಯಲ್ಲಿ ಚಾಕೊಲೇಟ್ ಇತ್ತು. "ಎಲ್ಲಿ ಹೋಗಿದ್ದೆ ಪುಟ್ಟಿ?" ಎಂದರೆ ಮಗು ಅಪ್ಪನನ್ನು ನೋಡಿ, "ಫೋಟೋಗೆ," ಎಂದಿತು. ಹೇಳಿಕೊಟ್ಟಿದ್ದರು. ಗಂಡ ಕೈಕಾಲು ತೊಳೆಯಲು ಹೋದರು, ಶಾಮಲಾ ಚೀಲದೊಂದಿಗೆ ರೂಮಿಗೆ ಹೋದಳು.

ನಾನು ನೋಟುಬುಕ್ಕು ತೆಗೆದೆ. ಬಲಪುಟ ಬಿಡಿಸಿ ಮಗುವಿನ ಎದುರಿಗೆ ಕೂತೆ. ಕೈಯಲ್ಲಿ ಸೌಟು ಹಿಡಿದುಕೊಂಡೆ, ಮಗುವಿಗೆ ಇದು ಪಾಠ ಎಂದು ಗೊತ್ತಾಗಲಿ ಎಂದು. ಗುಟ್ಟು ಇರುವುದು ಕನ್ನಡದಲ್ಲಿ, ಪಾಠದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು, ಐದು ವರ್ಷದ ಮಗುವಿನ ನ್ಯಾಯ ಅಷ್ಟೇ. ನಾನು ಇಂಗ್ಲಿಷಿನಲ್ಲಿ ಕೇಳಿದೆ, "ಇವತ್ತು ನೀನು ಏನು ಮಾಡಿದೆ?"

ಭಾರ್ಗವಿ ನೆಟ್ಟಗೆ ಕೂತು, ಕೈ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ ಹೇಳಿದಳು. ನಾವು ಶಾಲೆಗೆ ಹೋದೆವು. ಅಲ್ಲಿ ದೊಡ್ಡ ಟೇಬಲ್ ಇತ್ತು. ಸಿಸ್ಟರ್ ನನ್ನನ್ನು ಕೇಳಿದರು, ಇವರು ಯಾರು ಅಂತ. ದಿಸ್ ಈಸ್ ಮೈ ಮಮ್ಮಿ ಅಂದೆ. ಸಿಸ್ಟರ್ ವೆರಿ ಗುಡ್ ಅಂದರು. ಚಾಕೊಲೇಟ್ ಕೊಟ್ಟರು.

ಒಂದೊಂದು ಪದವನ್ನೂ ಕನ್ನಡಕ್ಕೆ ತಿರುಗಿಸಿಕೊಳ್ಳದೆ ನಾನು ಅರ್ಥ ಮಾಡಿಕೊಂಡ ಮೊದಲ ಇಂಗ್ಲಿಷ್ ಅದು. ಅಷ್ಟು ದಿನ ಪ್ರತಿ ಮಾತನ್ನೂ ತಲೆಯೊಳಗೆ ತಿರುಗಿಸಿಕೊಳ್ಳುತ್ತಿದ್ದೆ. ಅವತ್ತು ನೇರವಾಗಿ ಎದೆಗೇ ಬಂತು.

ಗಂಡ ಮುಖ ಒರೆಸಿಕೊಳ್ಳುತ್ತಾ ಬಂದವರು ಸೌಟನ್ನೂ ಪುಸ್ತಕವನ್ನೂ ನೋಡಿ ನಿಂತರು.

"ಇಪ್ಪತ್ತನೇ ತಾರೀಕು ಅಂದಿರಲ್ಲ ರೀ," ಎಂದೆ.

ಟವಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಸೀಟು ಸಿಕ್ತು ಕಣೆ. ಅಲ್ಲೇ ಹೇಳಿಬಿಟ್ಟರು," ಎಂದರು. ಸಿಹಿಸುದ್ದಿ ಕೊಟ್ಟ ಹಾಗೆ ಹೇಳಿದರು.

"ನನಗೆ ಬರ್ತಿತ್ತು. ಕ್ರಿಸ್‌ಮಸ್ ದಿನ ನೀವೇ ಕೇಳಿಸ್ಕೊಂಡ್ರಲ್ಲ."

"ಬರ್ತಿತ್ತು. ಇಲ್ಲ ಅಂದೆನಾ? ಆದರೆ ಇರೋದು ಹನ್ನೆರಡು ಸೀಟು. ಅಲ್ಲಿ ಹೋಗಿ ನೀನು ಹೆದರಿಕೊಂಡಿದ್ದರೆ? ಶಾಮಲಾ ಬಿ.ಎ. ಓದಿದೋಳು. ರಿಸ್ಕ್ ಯಾಕೆ ತಗೋಬೇಕು?"

"ನನ್ನ ಸೀರೆ, ನನ್ನ ಕರಿಮಣಿ."

"ನಿನ್ನ ಹೆಸರೇ ಹೇಳಿದಾಳೆ. ಫಾರ್ಮಿನಲ್ಲಿ ಸುಮಿತ್ರಾ ಅಂತಾನೇ ಇದೆ. ನಿಂದು ಏನು ಹೋಯ್ತು ಹೇಳು?"

ಏನು ಹೋಯಿತು ಎನ್ನುವುದನ್ನು ಯಾವ ಭಾಷೆಯಲ್ಲಿ ಹೇಳಲಿ? ರೂಮಿನ ಬಾಗಿಲಲ್ಲಿ ಶಾಮಲಾ ನಿಂತಿದ್ದಳು. ನಾನು ಅವಳ ಕಡೆ ತಿರುಗಿದೆ. ಗಂಡಸರು ಮಾಡುವುದನ್ನು ಮಾಡುತ್ತಾರೆ. ಇವಳು ನನ್ನ ಕೈಯ ಅನ್ನ ತಿಂದು, ನನ್ನ ಪಕ್ಕದಲ್ಲಿ ಮಲಗಿ, ನನ್ನ ಕೈ ಹಿಡಿದು ಬರೆಸಿದವಳು.

"ಯಾವಾಗ ತೀರ್ಮಾನ ಮಾಡಿದಿರಿ ಇದನ್ನ?"

"ಶುರುವಿನಿಂದಲೂ, ಅತ್ತಿಗೆ," ಎಂದಳು, ನೆಲ ನೋಡುತ್ತಾ. "ನೀಲಕಂಠಪ್ಪನವರು ಬಂದು ಹೋದ ಸಂಜೆಯೇ ಅಣ್ಣ ಹೇಳಿದ್ದ. ಕ್ರಿಸ್‌ಮಸ್ ಆದ ಮೇಲೆ ನಾನು ಬೇಡ ಅಂದೆ. ನೀವೇ ಸಾಕು ಅಂದೆ. ಅವನು ಕೇಳಲಿಲ್ಲ."

"ಹಾಗಾದರೆ ನನಗೆ ಯಾಕೆ ಪಾಠ? ನಾಲ್ಕು ತಿಂಗಳು ನನ್ನನ್ನ ಯಾಕೆ ಕೂರಿಸಿದಿರಿ?"

ಉತ್ತರ ಹೇಳಿದವರು ಗಂಡ, ಟವಲನ್ನು ಹಗ್ಗಕ್ಕೆ ಹಾಕುತ್ತಾ. "ಪ್ರಾಕ್ಟೀಸಿಗೆ ಪ್ರಶ್ನೆ ಕೇಳೋರು ಒಬ್ಬರು ಬೇಕಿತ್ತಲ್ಲ."

ಮರುದಿನ ಸಂಕ್ರಾಂತಿ. ಹಬ್ಬ ನಿಲ್ಲಿಸುವ ಹಾಗಿಲ್ಲ. ಎಳ್ಳು ಬೀರಿದೆ. ಕೆಳಗಿನ ಮನೆಯವರು ತಿಳ್‌ಗುಳ್ ಉಂಡೆ ಕೊಟ್ಟು ಸಿಹಿಸಿಹಿಯಾಗಿ ಮಾತಾಡಿ ಎಂದು ಮರಾಠಿಯಲ್ಲಿ ಹೇಳಿ ಹೋದರು. ನಮ್ಮಲ್ಲೂ ಅದೇ ತಾನೇ. ಕೊನೆಗೆ ಒಂದು ತಟ್ಟೆ ಶಾಮಲಾಳ ಕೈಗೆ ಕೊಟ್ಟು, "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು," ಎಂದೆ. ಅವಳು ತಟ್ಟೆ ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ. ಅವಳು ಆ ಕರಿಮಣಿಯನ್ನು ಡಬ್ಬಿಗೆ ಹಾಕಿ ಕೊಡಲು ಬಂದಾಗ, "ಇಟ್ಕೋ, ಮತ್ತೆ ಬೇಕಾಗುತ್ತೆ," ಎಂದೆ. ಸಿಟ್ಟಿನಲ್ಲಿ ಆಡಿದ ಮಾತು, ನಿಜವಾಯಿತು.

ಕಾನ್ವೆಂಟು ಎಂದರೆ ಒಂದು ದಿನದ ಇಂಟರ್‌ವ್ಯೂಗೆ ಮುಗಿಯುವುದಿಲ್ಲ. ವರ್ಷಕ್ಕೆ ಮೂರು ಸಲ ಓಪನ್ ಡೇ ಇರುತ್ತದೆ, ಅಮ್ಮ ಬಂದು ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಬೇಕು. ಇದನ್ನು ನನ್ನ ಬುದ್ಧಿವಂತ ಗಂಡ ಯೋಚಿಸಿರಲಿಲ್ಲ. ಶಾಮಲಾ ಅಂಧೇರಿಯಲ್ಲಿ ಕೆಲಸಕ್ಕೆ ಸೇರಿದ್ದರೂ ಪ್ರತಿ ಸಲ ರಜೆ ಹಾಕಿ, ಕರಿಮಣಿ ಹಾಕಿಕೊಂಡು, ನನ್ನ ಹೆಸರಿನಲ್ಲಿ ಹೋಗಿ ಬಂದಳು. ದಿನಾ ಬೆಳಿಗ್ಗೆ ಮಗುವನ್ನು ಗೇಟಿನ ತನಕ ಬಿಡುತ್ತಿದ್ದವಳು ನಾನು. ಮಧ್ಯಾಹ್ನ ಡಬ್ಬಿ ಕೊಡುತ್ತಿದ್ದವಳು ನಾನು. ವಾಚ್‌ಮನ್ ನನ್ನನ್ನು ಕೆಲಸದವಳು ಎಂದುಕೊಂಡು, "ಬಾಯಿ, ಡಬ್ಬಾ ಇಧರ್ ರಖೋ," ಎಂದು ಡಬ್ಬಿ ಇಡುವ ಜಾಗ ತೋರಿಸುತ್ತಿದ್ದ. ನಾನು ತಿದ್ದಲಿಲ್ಲ. ತಿದ್ದಿದರೆ ನಾನೇ ಅಮ್ಮ ಎನ್ನಬೇಕಾಗುತ್ತಿತ್ತು.

ಇಂಗ್ಲಿಷನ್ನು ಮಾತ್ರ ಬಿಡಲಿಲ್ಲ. ಬೀರುವಿನ ಮೇಲಿನ ರಜೆಪಟ್ಟಿಯನ್ನು ಗಂಡ ಕಿತ್ತು ಹಾಕಿದ್ದರು, ಅವರ ಕೆಲಸ ಆಗಿತ್ತು. ನಾನು ಮುಂದಿನ ವರ್ಷದ ಪಟ್ಟಿ ತಂದು ಅಲ್ಲೇ ಅಂಟಿಸಿದೆ. ರಜೆಯ ದಿನ ಭಾರ್ಗವಿಯ ಪಾಠವನ್ನೆಲ್ಲ ಅವಳ ಜೊತೆ ಓದಿದೆ. ಹಳೆಯ ನೋಟುಬುಕ್ಕಿನ ಉಳಿದ ಎಡಪುಟಗಳನ್ನು ತುಂಬಿಸಿ ಇನ್ನೊಂದು ತಂದೆ. ಹಟ ಎಂದರೆ ಹಟ.

ಎಂಬತ್ತೆಂಟರ ಮೇ ತಿಂಗಳಲ್ಲಿ ಶಾಮಲಾ ಮದುವೆಯಾಗಿ ಬೆಂಗಳೂರಿಗೆ ಹೋದಳು. ಧಾರೆಯ ಹೊತ್ತಿನಲ್ಲಿ ನನ್ನ ಕಾಲಿಗೆ ಬಿದ್ದು ಏಳಲೇ ಇಲ್ಲ. ಎಬ್ಬಿಸಿದೆ, ಹರಸಿದೆ. ಭಾರ್ಗವಿ ಮೂರನೆಯ ಕ್ಲಾಸಿಗೆ ಬಂದಿದ್ದಳು. ಸೆಪ್ಟೆಂಬರಿನಲ್ಲಿ ಓಪನ್ ಡೇ ಚೀಟಿ ಬಂತು.

ಗಂಡ ಚೀಟಿ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ನನಗೆ ಆಡಿಟ್ ಇದೆ. ನೀನೇ ಹೋಗಿ ಬಾ. ಅಮ್ಮ ಊರಿಗೆ ಹೋಗಿದಾರೆ, ನಾನು ಅತ್ತೆ, ಶಾಮಲಾ ಅಂತ ಹೇಳು."

ಸೌಟು ಕೈಯಲ್ಲಿತ್ತು. ಎತ್ತಲಿಲ್ಲ. "ಆಗಲಿ," ಎಂದೆ, ಮನಸ್ಸಿನಲ್ಲಿ ಬೇರೆಯದೇ ತೀರ್ಮಾನ ಮಾಡಿಕೊಂಡು. ಮಗಳು ಕ್ಲಾಸಿಗೆ ಎರಡನೆಯವಳು. ಎರಡು ವರ್ಷ ಓದಿದ ಮಗುವನ್ನು ಯಾವ ಸಿಸ್ಟರೂ ಹೊರಗೆ ಹಾಕುವುದಿಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ನಾನೇ ಇವಳ ತಾಯಿ ಎಂದು ಹೇಳಿಯೇ ಬರುತ್ತೇನೆ. ಅದಕ್ಕೆ ಬೇಕಾಗಿದ್ದುದು ನಾಲ್ಕೇ ಪದ. ಐ ಆಮ್ ಹರ್ ಮದರ್. ಶನಿವಾರದ ತನಕ ಅದನ್ನೇ ಹೇಳಿಕೊಂಡೆ, ಬರದೇ ಇದ್ದದ್ದಕ್ಕಲ್ಲ, ಬಾಯಿಗೆ ಹಿತವಾಗಿತ್ತು. ಮಾವಿನಹಣ್ಣಿನ ಬಣ್ಣದ ಸೀರೆ ಬೇಡವೆನಿಸಿತು, ಬೇರೆ ಉಟ್ಟೆ.

ಎರಡು ಕುರ್ಚಿಗಳು ನಿಜವಾಗಿಯೂ ಇದ್ದವು. ಬೆತ್ತದವು. ಒಂದರಲ್ಲಿ ಭಾರ್ಗವಿ ಕೂತಳು, ಇನ್ನೊಂದರಲ್ಲಿ ನಾನು. ಇಷ್ಟೇ ತಾನೇ, ಎನ್ನಿಸಿತು. ಸಿಸ್ಟರ್ ವಯಸ್ಸಾದವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು, "ಮಮ್ಮಿ ಬಂದಿಲ್ಲವೇ?"

ನಾನು ಬಾಯಿ ತೆರೆದೆ. "ಐ," ಎಂದೆ.

ಅಷ್ಟರಲ್ಲಿ ಭಾರ್ಗವಿ ಟೇಬಲ್ಲಿನ ಕೆಳಗೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಐದು ವರ್ಷದವಳಿದ್ದಾಗ ಎಲೆಯ ಮುಂದೆ ಕೂರುತ್ತಿದ್ದ ಹಾಗೆಯೇ ಕೂತು ಹೇಳಿದಳು.

"ಮಮ್ಮಿ ಈಸ್ ಇನ್ ಬ್ಯಾಂಗಲೋರ್, ಸಿಸ್ಟರ್. ದಿಸ್ ಈಸ್ ಮೈ ಆಂಟಿ. ಶಿ ಸ್ಟೇಸ್ ವಿಥ್ ಅಸ್."

ಇವಳು ನಮ್ಮ ಜೊತೆ ಇರುತ್ತಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹಾಗೆಂದಳು. ಈಗ ನಾನು ನಿಜ ಹೇಳಿದರೆ ಸಿಸ್ಟರ್ ಎದುರಿಗೆ ಸುಳ್ಳಿಯಾಗುವವಳು ನನ್ನ ಮಗಳು. ಗಂಡ ಕಟ್ಟಿದ ಸುಳ್ಳು ಅವಳ ಬಾಯಿಗೆ ಬಂದು ಸೇರಿತ್ತು, ಇನ್ನು ಅದನ್ನು ಒಡೆಯುವ ಹಾಗಿರಲಿಲ್ಲ. ಬಾಯಿಗೆ ಬಂದಿದ್ದ ಆ 'ಐ'ಯನ್ನು ನುಂಗಿಕೊಂಡೆ.

ಸಿಸ್ಟರ್ ಮಾರ್ಕ್ಸ್ ತೋರಿಸಿದರು. ಗಣಿತದಲ್ಲಿ ಅವಸರ ಮಾಡುತ್ತಾಳೆ ಎಂದರು. ಮನೆಯಲ್ಲಿ ಯಾರು ಓದಿಸುತ್ತಾರೆ, ಎಷ್ಟು ಹೊತ್ತು ಮಲಗುತ್ತಾಳೆ, ಏನು ತಿನ್ನುತ್ತಾಳೆ ಎಂದು ಕೇಳಿದರು. ಪ್ರಶ್ನೆಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು, ನಾನೇ ಕೇಳಿದ್ದ ಪ್ರಶ್ನೆಗಳು. ಎಲ್ಲಕ್ಕೂ ಉತ್ತರ ಕೊಟ್ಟೆ, ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಅವರು ಪೆನ್ನು ಕೊಟ್ಟು ಸಹಿ ಮಾಡಿ ಎಂದರು. ಶಾಮಲಾ ಎಂದು ಬರೆದೆ.

"ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ," ಎಂದರು ಸಿಸ್ಟರ್. "ಇವಳ ತಾಯಿಯದೂ ಚೆನ್ನಾಗಿದೆ, ಆದರೆ ನಿಮ್ಮದು ಇನ್ನೂ ಸಲೀಸು. ಎಲ್ಲಿ ಕಲಿತಿರಿ?"

"ಅಟ್ ಹೋಮ್, ಸಿಸ್ಟರ್," ಎಂದೆ. "ಇನ್ ದಿ ಹಾಲಿಡೇಸ್."

ಗೇಟು ದಾಟಿ, ವಾಚ್‌ಮನ್ ಕಣ್ಣಿಗೆ ಕಾಣದಷ್ಟು ದೂರ ಬರುವ ತನಕ ಭಾರ್ಗವಿ ನನ್ನ ಕೈ ಬಿಡಲಿಲ್ಲ.

"ಅಪ್ಪ ಹೇಳಿಕೊಟ್ಟರಾ ಪುಟ್ಟಿ, ಹಾಗೆ ಹೇಳು ಅಂತ?" ಎಂದು ಕೇಳಿದೆ.

"ಇಲ್ಲಮ್ಮ, ನಾನೇ ಹೇಳ್ದೆ," ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಕರೆಕ್ಟಾಗಿ ಹೇಳಿದ್ನಾ ಅಮ್ಮ?"

"ಕರೆಕ್ಟಾಗಿ ಹೇಳಿದೆ," ಎಂದೆ. "ಒಂದು ತಪ್ಪೂ ಇರಲಿಲ್ಲ."